ಕೆಳರೆಪ್ಪೆಯೊಳಗೆ

ಗುಬ್ಬಿಯಲ್ಲಿ ಪಂಪ್‌ಸೆಟ್ ಮೋಟಾರ್‌ಗಳಿಗೆ ವೈಂಡಿಂಗ್ ಮಾಡುವ ಕರಿಸಿದ್ದಪ್ಪನವರು ಯಾವುದನ್ನೂ ಬಿಚ್ಚಿ ನೋಡದೆ ನಂಬುವವರಲ್ಲ. ಒಂದು ಬೆಳಿಗ್ಗೆ ಕನ್ನಡಿ ಮುಂದೆ ಗಡ್ಡ ಹೆರೆದುಕೊಳ್ಳುವಾಗ ಎಡಗಣ್ಣಿನ ಕೆಳರೆಪ್ಪೆಯೊಳಗೆ ಪರಂಗಿ ಹಣ್ಣಿನ ಬಣ್ಣದ್ದೇನೋ ಕಂಡಿತು. ನೋವಿಲ್ಲ, ಉರಿಯಿಲ್ಲ. ಮೆಡಿಕಲ್ ಸ್ಟೋರಿನವನು ಕೊಟ್ಟ ಡ್ರಾಪ್ಸ್ ಎರಡು ತಿಂಗಳು ಹಾಕಿದರೂ ಅದು ಜಗ್ಗಲಿಲ್ಲ. ಕೊನೆಗೆ ಹೆಂಡತಿ ಸರ್ವಮಂಗಳ ಬೈದು, ತುಮಕೂರಿನ ಕಣ್ಣಿನ ಡಾಕ್ಟರ್ ಅನುಪಮಾ ಅವರ ಹತ್ತಿರ ಕರೆದೊಯ್ದರು.

ಅನುಪಮಾ ರೆಪ್ಪೆ ಎಳೆದು ಬಹಳ ಹೊತ್ತು ನೋಡಿದರು. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಹತ್ತು ದಿನಕ್ಕೆ ಬಂದ ರಿಪೋರ್ಟಿನಲ್ಲಿ ಲಿಂಫೋಮಾ ಎಂದಿತ್ತು. ಅದೊಂದು ಬಗೆಯ ಕ್ಯಾನ್ಸರ್. ಕರಿಸಿದ್ದಪ್ಪನವರ ಕೈ ತಂತಾನೇ ಕುತ್ತಿಗೆಗೆ ಹೋಯಿತು. ಅವರ ಷಡ್ಡಕನಿಗೆ ಇದೇ ಕಾಯಿಲೆ ಬಂದಾಗ ಅಲ್ಲಿ ಗಂಟುಗಳೆದ್ದಿದ್ದವು. ಇವರಿಗೆ ಒಂದೂ ಸಿಗಲಿಲ್ಲ.

"ಕತ್ತಿಗೆ ಬರೋ ಕಾಯ್ಲೆ ಕಣ್ಣಿಗೆ ಹೆಂಗ್ ಬಂತು ಮೇಡಂ?"

ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಮೈಯೆಲ್ಲ ಓಡಾಡುತ್ತವೆ. ಅವು ಕೆಟ್ಟರೆ ಹೊಟ್ಟೆಯಲ್ಲೂ ಬರಬಹುದು, ಚರ್ಮದಲ್ಲೂ ಬರಬಹುದು, ಅಪರೂಪಕ್ಕೆ ಹೀಗೆ ಕಣ್ಣಲ್ಲೂ ಬರುತ್ತದೆ ಎಂದು ಡಾಕ್ಟರ್ ವಿವರಿಸಿದರು. ಇದು ನಿಧಾನವಾಗಿ ಬೆಳೆಯುವಂಥದ್ದು, ಚಿಕಿತ್ಸೆಗೆ ಬಗ್ಗುತ್ತದೆ ಎಂದೂ ಧೈರ್ಯ ಹೇಳಿದರು. ಕರಿಸಿದ್ದಪ್ಪ ತಲೆದೂಗಿ, ಪರೀಕ್ಷೆಗೆ ಕಳಿಸಿದ ಆ ಚೂರನ್ನು ಒಂದು ಸಲ ನೋಡಬಹುದೇ ಎಂದು ಕೇಳಿದರು.

ಹಾಗೆ ಕೇಳಿದ ರೋಗಿ ಅನುಪಮಾಗೆ ಇದುವರೆಗೆ ಸಿಕ್ಕಿರಲಿಲ್ಲ. ಲ್ಯಾಬಿನ ಡಾಕ್ಟರ್ ಮಾಲಿನಿಗೆ ಫೋನ್ ಮಾಡಿ ಇವರನ್ನು ಕಳಿಸಿದರು. ಮಾಲಿನಿ ಮೈಕ್ರೋಸ್ಕೋಪಿನಡಿ ಮೊದಲು ಬೇರೆ ಯಾರದೋ ಬರೀ ಊದಿದ ರೆಪ್ಪೆಯ ಚೂರು ಇಟ್ಟರು. ದೊಡ್ಡವು, ಚಿಕ್ಕವು, ನಾನಾ ಆಕಾರದ ನೇರಳೆ ಚುಕ್ಕೆಗಳು. ಆಮೇಲೆ ಇವರದನ್ನು ಇಟ್ಟರು.

"ನಂದ್ರಲ್ಲಿ ಎಲ್ಲಾ ಒಂದೇ ಥರ ಇದಾವಲ್ಲ ಮೇಡಂ. ಇದೇ ನೀಟಾಗಿದೆ."

"ಅದೇ ರೋಗ ಸಾರ್. ಒಂದು ಕಣ ಕೆಟ್ಟು, ತನ್ನಂಥದ್ದನ್ನೇ ಹುಟ್ಟಿಸ್ತಾ ಹೋಗಿದೆ."

ಕರಿಸಿದ್ದಪ್ಪ ಮುಖ ಎತ್ತದೆ ನೋಡುತ್ತಲೇ ಇದ್ದರು. ಭಯವಾದದ್ದು ಆಗಲೇ.

ಸ್ಕ್ಯಾನಿಂಗ್‌ನಲ್ಲಿ ಮೈಯ ಬೇರೆಲ್ಲೂ ಏನೂ ಕಾಣಲಿಲ್ಲ. ಬೆಂಗಳೂರಿನಲ್ಲಿ ಎರಡೇ ಎರಡು ದಿನ ಕಣ್ಣಿಗೆ ರೇಡಿಯೇಷನ್ ಕೊಟ್ಟರು. ಇಷ್ಟು ಸಾಕೇ ಎಂದು ಸರ್ವಮಂಗಳ ಅಲ್ಲಿ ಕಂಡಕಂಡವರನ್ನೆಲ್ಲ ಕೇಳಿದರು. ಮೂರು ತಿಂಗಳ ಮೇಲೆ ಅನುಪಮಾ ರೆಪ್ಪೆ ಎಳೆದಾಗ ಆ ಬಣ್ಣ ಪೂರಾ ಹೋಗಿತ್ತು. ಆದರೂ ಆರು ತಿಂಗಳಿಗೊಮ್ಮೆ ಬರಬೇಕು, ಇನ್ನೆಲ್ಲಾದರೂ ಕಾಣಿಸಿಕೊಳ್ಳಬಹುದು ಎಂದರು. ಎಲ್ಲಿ ಎಂದು ಕರಿಸಿದ್ದಪ್ಪ ಕೇಳಿದರು. ಅದು ತಮಗೂ ಗೊತ್ತಿಲ್ಲವೆಂದರು ಡಾಕ್ಟರ್.

ಗುಬ್ಬಿ ಬಸ್ಸಿನಲ್ಲಿ ಸರ್ವಮಂಗಳ ಗಂಡನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ರೆಪ್ಪೆಯನ್ನು ತಾವೇ ಎಳೆದು ನೋಡಿದರು.

"ಏನೂ ಇಲ್ಲ ಕಣ್ರೀ," ಎಂದರು. ಆಮೇಲೆ, "ಎಲ್ಲಿ, ಇನ್ನೊಂದ್ ಕಣ್ಣೂ ತೋರ್ಸಿ."

ಪಕ್ಕದ ಸೀಟಿನವರು ನೋಡುತ್ತಿದ್ದರು. ಕರಿಸಿದ್ದಪ್ಪ ಬಲಗಣ್ಣು ಬೆಳಕಿಗೆ ಬರುವಂತೆ ತಿರುಗಿ ಕೂತರು.