ಬೆಳಗಾವಿಯಿಂದ ಬಂದ ಗೊಂಬೆ

ಗೊಂಬೆಯನ್ನು ಕುರ್ಚಿಯ ಮೇಲೆ ಕೂಡಿಸಬೇಕೋ ಚಾಪೆಯ ಮೇಲೋ ಎಂಬ ಘನಗಂಭೀರ ಪ್ರಶ್ನೆ ಖಾನಾಪುರದ ಶಿವಲಿಂಗನ ಮನೆಯಲ್ಲಿ ಎದ್ದು, ಚಹಾ ಆರಿ ಕೆನೆಗಟ್ಟಿದರೂ ಬಗೆಹರಿಯಲಿಲ್ಲ. ಬಟ್ಟೆಯದಾದರೇನು, ಬೆಳಗಾವಿಯಿಂದ ಬಂದದ್ದು; ನೆಲಕ್ಕೆ ಕೂಡಿಸಿದರೆ ಮನೆತನದ ಮಾನವೇನಾದೀತು ಎಂಬುದು ಅವನ ತಾಯಿ ಕಾಡವ್ವನ ವಾದ.

"ಅಜ್ಜೀ, ಅದು ಬೀಗರ ಅಲ್ರೀ," ಎಂದಳು ಗೊಂಬೆ ತಂದ ಡಾಕ್ಟರ್ ಪೂರ್ಣಿಮಾ. "ನಿದ್ದ್ಯಾಗ ಕೂಸುಗಳು ಯಾಕ ತೀರಿ ಹೋಗತಾವು ಅಂತ ಹುಡುಕಾಕತ್ತೇವಿ. ಅವತ್ತ ನಿಮ್ಮ ಕೂಸು ಹೆಂಗ ಮಲಗಿತ್ತು, ಈ ಗೊಂಬಿ ಮಲಗಿಸಿ ತೋರಸ್ರಿ. ಇಷ್ಟ."

ಅವತ್ತು ಎಂದರೆ ಎರಡು ವರ್ಷದ ಹಿಂದೆ. ಮೊದಲ ಗಂಡುಕೂಸು ಬೆಳಗಾಗುವಷ್ಟರಲ್ಲಿ ತಣ್ಣಗಾಗಿತ್ತು. ಹೆಂಡತಿ ರೂಪಾಲಿ ನಿದ್ದೆಯಲ್ಲಿ ಅದರ ಮೇಲೆ ಹೊರಳಿದಳೆಂದು ಶಿವಲಿಂಗ ನಿಂತ ಕಾಲಲ್ಲೇ ತೀರ್ಪು ಕೊಟ್ಟ; ಬಾಗಿಲಿನ ಮರದ ಅಗುಳಿ ಎಳೆದು ಶಿಕ್ಷೆಯನ್ನೂ ತಾನೇ ಜಾರಿ ಮಾಡಿದ. ಅವಳ ಎಡಗೈ ಮುರಿದು ಸೊಟ್ಟಗೆ ಕೂಡಿತು. ಓಣಿ ಕದ ಮುಚ್ಚಿಕೊಂಡು ಕೇಳಿತು. ಈಗ ತೊಟ್ಟಿಲಲ್ಲಿ ಎರಡನೆಯದು, ಸಮೃದ್ಧಿ. ತನ್ನ ಮೈಯನ್ನೇ ನಂಬದ ರೂಪಾಲಿ ರಾತ್ರಿಯಿಡೀ ಗೋಡೆಗೊರಗಿ ಕೂತೇ ಇರುತ್ತಿದ್ದಳು. ಹೆರಿಗೆಗೆ ಬೆಳಗಾವಿಯ ಆಸ್ಪತ್ರೆಗೆ ಹೋದಾಗ ಪೂರ್ಣಿಮಾಳಿಗೆ "ಮನೀಗಿ ಬರ್ರಿ" ಅಂದವಳೂ ಅವಳೇ.

ರೂಪಾಲಿ ಗೊಂಬೆಯನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿದಳು.

"ಸುಳ್ಳ!" ಶಿವಲಿಂಗ ಗುಡುಗಿದ. "ಮುಂಜಾನಿ ಬೋರಲ ಇತ್ತು. ಇಕೀನ ಹೊರಳಿ ಒತ್ತ್ಯಾಳ."

ಕಾಡವ್ವನಿಗೆ ಇನ್ನೊಬ್ಬರ ಕೆಲಸ ತಿದ್ದದಿದ್ದರೆ ಉಂಡದ್ದು ಅರಗದು. ಗೊಂಬೆ ಕಸಿದುಕೊಂಡಳು. ಕೂಸಿನ ತಲೆ ದುಂಡಗಾಗಲೆಂದು ತಾನೇ ಸಾಸಿವೆ ತುಂಬಿ ಹೊಲಿದ ದಿಂಬನ್ನೂ ತೊಟ್ಟಿಲಿಂದ ತಂದಳು.

"ಕೂಸು ಮಲಗಸೂದು ಇನ್ನಾ ಕಲತಿಲ್ಲ ಇಕಿ. ಅವತ್ತ ಅದು ಕಿರಿಕಿರಿ ಮಾಡಾಕತ್ತಿತ್ತು, ಇಕಿ ಹೆಣದಂಗ ಬಿದ್ದಿದ್ಲು. ನಾನ ಎದ್ದು ಹಿಂಗ ಬೋರಲ ಹಾಕಿ, ದಿಂಬಿಗಿ ಮುಖ ಹಚ್ಚಿ, ಬೆನ್ನ ತಟ್ಟಿ, ಕೌದಿ ಹೊಚ್ಚಿದೆ. ಗಪ್ಪಂತ ಮಲಗಿತು."

ತಟ್ಟುತ್ತಿದ್ದ ಕೈ ಗೊಂಬೆಯ ಬೆನ್ನ ಮೇಲೆಯೇ ನಿಂತಿತು.

"ಅತ್ತೀ," ಎಂದಳು ರೂಪಾಲಿ. "ನನ್ನ ಕೈ ಮುರಿಯೂವಾಗ ಇದನ್ನ ಹೇಳಾಕ ಏನಾಗಿತ್ತ್ರಿ?"

"ನನಗೇನ ಗೊತ್ತವಾ? ನಿನ್ನ ಗಂಡನ್ನೂ ಹಿಂಗ ಮಲಗಿಸಿ ಬೆಳಸೇನಿ."

"ಅದರಿಂದನ ಹೋತು ಅಂತ ನಮಗೂ ಹೇಳಾಕ ಬರೂದಿಲ್ರಿ," ಪೂರ್ಣಿಮಾ ನಡುವೆ ಬಂದಳು. "ಬೋರಲ ಹಾಕಿದ್ರ ಜೀವಕ್ಕ ಧೋಕಾ ಹೆಚ್ಚು, ಅಷ್ಟ ಖರೇ."

ಶಿವಲಿಂಗನ ನ್ಯಾಯಾಲಯದಲ್ಲಿ ಪೂರ್ತಿ ಮಾತು ಕೇಳುವ ಪದ್ಧತಿಯಿರಲಿಲ್ಲ. ಅದೇ ಅಗುಳಿ ಎಳೆದುಕೊಂಡು ತಾಯಿಯ ಮೇಲೆ ಏರಿ ಹೋದ. ರೂಪಾಲಿ ಸಾಸಿವೆ ದಿಂಬು ಎತ್ತಿ ಅವನ ಮುಖಕ್ಕೆ ಬೀಸಿದಳು. ಹೊಲಿಗೆ ಹರಿದು ಸಾಸಿವೆ ಸುರಿಯಿತು. ಕಾಲು ಜಾರಿ ಅವನು ಧೊಪ್ಪನೆ ಬಿದ್ದ, ಮೂಗಿನಿಂದ ರಕ್ತ. ಉರುಳಿದ ಅಗುಳಿಗೆ ಅವನು ಮತ್ತೆ ಕೈ ಚಾಚುವಷ್ಟರಲ್ಲಿ ಅದು ಅವಳ ಬಲಗೈಯಲ್ಲಿತ್ತು. ಚಾಚಿದ ಕೈಗೇ ಹೊಡೆದಳು. ಲಟಕ್ಕೆಂದಿತು. ತೊಟ್ಟಿಲಲ್ಲಿ ಕೂಸು ಚೀರಿತು.

"ಅವತ್ತೂ ಕೇಳಲಿಲ್ಲ, ಇವತ್ತೂ ಕೇಳಲಿಲ್ಲ," ಎಂದು ಏದುಸಿರು ಬಿಟ್ಟಳು. "ಡಾಕ್ಟರಬಾಯಾರ, ಇನ್ನೇನ ಕೇಳೂದೈತಿ ಕೇಳ್ರಿ. ಎಲ್ಲಾ ಹೇಳತೇನಿ."

ಸಂಜೆ ಬೆಳಗಾವಿಯಲ್ಲಿ ಶಿವಲಿಂಗನ ಕೈಗೆ ಪ್ಲಾಸ್ಟರ್ ಹಾಕಿದರು. ಕಾಡವ್ವ ಗುಡಿಸಿ ಕೇರಿದ ಸಾಸಿವೆ ಒಗ್ಗರಣೆ ಡಬ್ಬಿಗೆ ಹೋಯಿತು. ಸಮೃದ್ಧಿ ದಿಂಬಿಲ್ಲದೆ ಅಂಗಾತ ಮಲಗಿದಳು. ರೂಪಾಲಿಯೂ ಮಲಗಿದಳು.