ಎರಡನೇ ಗೇರಿನ ಎಣ್ಣೆ

ಅಣ್ಣ ಆ ಮಾತು ಹೇಳಿದ್ದು ಅವಳಿಗಲ್ಲ, ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಗಿರಾಕಿಗೆ. ಅವಳು ಒಳಗೆ ಲೋಹ ಕಡೆಯುವ ಲೇತಿನ ಮುಂದೆ ಒಂದು ಹಿತ್ತಾಳೆ ಬುಷ್ಷಿನ ಅಂಚು ನುಣುಪು ಮಾಡುತ್ತಿದ್ದಳು. ತನ್ನ ಹಳೇ ಕಾರಿನ ಗೇರ್‌ಬಾಕ್ಸಿಗೆ ಯಾವ ಎಣ್ಣೆ ಒಳ್ಳೆಯದು ಎಂದು ಗಿರಾಕಿ ವಿಚಾರಿಸುತ್ತಿದ್ದ.

"ಕಣ್ಣುಮುಚ್ಚಿ ಜಿಎಲ್-ಐದು ಹಾಕಿ," ಎಂದ ಅಣ್ಣ. "ನಮ್ಮ ಕಾರಿಗೂ ನಾನೇ ತಂದು ಅದನ್ನೇ ಸುರಿದಿದ್ದೀನಿ. ನಾಲ್ಕಕ್ಕಿಂತ ಐದು ಮೇಲಲ್ವಾ?"

ಲೇತು ತಿರುಗುತ್ತಲೇ ಇತ್ತು. ಅವಳ ಕೈ ನಿಂತಿತ್ತು.

ಆ ಶೆಡ್ಡಿನಲ್ಲಿ ಕೆಲಸ ಎಂದೋ ಹಂಚಿಹೋಗಿತ್ತು. ತಗಡು, ಬಣ್ಣ, ಬಾಯಿಮಾತು ಅಣ್ಣನದು. ಇಂಜಿನ್, ಗೇರ್‌ಬಾಕ್ಸ್, ಲೇತು ಅವಳದು. ನಡುವೆ ಒಂದೇ ಕಟ್ಟಳೆ: ಬಿಚ್ಚಿದವರೇ ಮುಚ್ಚಬೇಕು, ಒಬ್ಬರ ಬೋಲ್ಟಿಗೆ ಇನ್ನೊಬ್ಬರು ಸ್ಪ್ಯಾನರ್ ಹಚ್ಚಬಾರದು. ಹೀಗೆಯೇ ಇಬ್ಬರೂ ಸೇರಿ ಅಮ್ಮನಿಗಿಂತ ವಯಸ್ಸಾದ ಆ ಕಾರನ್ನು ಎಬ್ಬಿಸಿ ನಿಲ್ಲಿಸಿದ್ದರು. ಅದರ ಗೇರ್‌ಬಾಕ್ಸಿನ ಹಿತ್ತಾಳೆ ರಿಂಗುಗಳು ಈಗ ಎಲ್ಲೂ ಸಿಗುವುದಿಲ್ಲ. ಗೇರು ಬದಲಿಸುವಾಗ ಬೇರೆಬೇರೆ ವೇಗದಲ್ಲಿ ಸುತ್ತುವ ಹಲ್ಲುಚಕ್ರಗಳನ್ನು ಒತ್ತಿ ಹಿಡಿದು ಒಂದೇ ವೇಗಕ್ಕೆ ತರುವುದು ಈ ರಿಂಗಿನ ಕೆಲಸ; ಹಿಡಿಯದಿದ್ದರೆ ಹಲ್ಲಿಗೆ ಹಲ್ಲು ತಾಗಿ ಕರಕರ ಎನ್ನುತ್ತದೆ. ಅವಳು ಆ ರಿಂಗುಗಳನ್ನು ಲೇತಿನಲ್ಲಿ ತಾನೇ ಕಡೆದಿದ್ದಳು, ಒಳಗಿನ ಕೂದಲೆಳೆಯಂಥ ಗೆರೆಗಳ ಸಮೇತ. ಮೊದಲ ದಿನ ಎರಡನೇ ಗೇರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಿದ್ದಿತ್ತು.

ಆಮೇಲೆ ಅವಳು ಕಾಮಾಲೆ ಹಿಡಿದು ಮಲಗಿದಳು. ಎದ್ದು ಬಂದಾಗ ಅದೇ ಗೇರು ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಿತ್ತು.

ಅಣ್ಣ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಕನಿಕರ ತೋರಿಸಿದ. ಬಂದವರಿಗೆಲ್ಲ ಕಾರು ತೋರಿಸುತ್ತ, ತಂಗಿಯ ರಿಂಗು ಒಂಚೂರು ಎಡವಟ್ಟಾಯಿತು, ಮೊದಲ ಪ್ರಯತ್ನ ತಾನೇ, ಕಲಿಯುತ್ತಾಳೆ ಎಂದ. ಇಂಥದ್ದೇ ಕಾರು ಇಟ್ಟುಕೊಂಡಿದ್ದ ರೇಖಾಗಣಿತದ ಮೇಷ್ಟ್ರ ಗೇಟಿನ ಮುಂದೆ ನಿಂತು, ಅವರ ಹೆಂಡತಿಗೂ ಕೇಳುವ ಹಾಗೆ ಅದನ್ನೇ ಹೇಳಿದ. ತಮಗೂ ರಿಂಗು ಮಾಡಿಕೊಡಲು ಹೇಳಿದ್ದ ಮೇಷ್ಟ್ರು, ಅವಸರವಿಲ್ಲಮ್ಮ, ಮುಂದೆ ನೋಡೋಣ ಎಂದು ಮೆಲ್ಲಗೆ ಜಾರಿಕೊಂಡರು. ಬೇರೆ ಯಾರೂ ಕೇಳಿಕೊಂಡು ಬರಲಿಲ್ಲ. ಎಲ್ಲಕ್ಕಿಂತ ಉರಿಯುವ ಸಂಗತಿಯೆಂದರೆ, ಅವಳೂ ಅದನ್ನು ನಂಬಿದ್ದಳು. ಹೆಚ್ಚಿಗೆ ಕಡೆದು ಉಳಿದಿದ್ದ ಒಂದು ರಿಂಗನ್ನು ಅಳೆದಳು, ಮತ್ತೆ ಅಳೆದಳು. ತಪ್ಪು ಸಿಗದಿದ್ದಾಗ ಅಳತೆಯ ಉಪಕರಣವನ್ನೇ ಅನುಮಾನಿಸಿದಳು. ಅಣ್ಣನ ಕೈಯ ಮೇಲೆ ಮಾತ್ರ ಅನುಮಾನ ಬಂದಿರಲಿಲ್ಲ.

ಲೇತು ನಿಲ್ಲಿಸಿ ಹೊರಗೆ ಬಂದಳು. ಗಿರಾಕಿ ಹೋಗಿಯಾಗಿತ್ತು.

"ಯಾವಾಗ ಹಾಕ್ದೆ?"

"ಏನನ್ನ?"

"ಎಣ್ಣೆ."

ಅಣ್ಣ ಖುಷಿಯಿಂದಲೇ ಹೇಳಿದ. ಅವಳು ಮಲಗಿದ್ದಾಗ ಹಾಕಿದ್ದು. ಅವಳು ತುಂಬಿದ್ದ ಎಣ್ಣೆಯ ಡಬ್ಬ ನೋಡಿ, ಇಷ್ಟು ಕಷ್ಟಪಟ್ಟು ಕಟ್ಟಿದ ಗೇರ್‌ಬಾಕ್ಸಿಗೆ ಇವಳು ಜಿಪುಣತನ ಮಾಡಿದ್ದಾಳಲ್ಲ ಎನ್ನಿಸಿತಂತೆ. ಅಂಗಡಿಯಲ್ಲಿದ್ದ ಅತಿ ದುಬಾರಿಯದನ್ನು ತಂದು ಬದಲಿಸಿದನಂತೆ. ಹೇಳಿದರೆ ಬೇಡ ಅನ್ನುತ್ತೀಯೆಂದು ಹೇಳಲಿಲ್ಲ ಎಂದ.

"ನಾಲ್ಕು, ಐದು ಅಂದ್ರೆ ಪರೀಕ್ಷೆ ಅಂಕ ಅಲ್ಲ ಅಣ್ಣ. ಜಾಸ್ತಿ ಬಂದೋನು ಜಾಣ ಅನ್ನೋಕೆ."

ಅವಳು ಹಲ್ಲು ಕಚ್ಚಿಕೊಂಡೇ ವಿವರಿಸಿದಳು. ಜಿಎಲ್-ಐದು ಇರುವುದು ಹಿಂದಿನ ಆಕ್ಸಲ್ಲಿನಂಥ ಕಡೆ ಭಾರ ಹೊರುವ ಹಲ್ಲುಚಕ್ರಗಳಿಗೆ. ಅದರಲ್ಲಿ ಬೆರೆಸಿದ ಮದ್ದು ಹಲ್ಲುಗಳನ್ನು ಕಾಯುತ್ತದೆ, ಆದರೆ ರಿಂಗನ್ನು ಹಿಡಿಯಲು ಬಿಡದೆ ಜಾರಿಸುತ್ತದೆ. ಬಿಸಿಯಲ್ಲಿ ಇಟ್ಟರೆ ಹಿತ್ತಾಳೆಯನ್ನು ಮೆಲ್ಲಮೆಲ್ಲಗೆ ತಿಂದುಹಾಕಲೂಬಹುದು. ಈ ಕಾರಿಗೆ ಬೇಕಾದದ್ದು ನಾಲ್ಕು, ಅದನ್ನೇ ಅವಳು ಹಾಕಿದ್ದಳು.

ಅಣ್ಣ ನಕ್ಕು, ಮಾಡಿದ ಕೆಲಸ ಕೆಟ್ಟರೆ ತಪ್ಪನ್ನು ಎಣ್ಣೆಯ ಮೇಲೆ ಹೊರಿಸುವುದು ಸುಲಭ ಎಂದ.

ಗೋಡೆ ಬದಿಗೆ ಹಳೇ ಕಾರೊಂದರ ಹಿಂದಿನ ಸೀಟೇ ಬೆಂಚಾಗಿತ್ತು. ಅಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ. "ಪ್ರೀತಿಯಿಂದ ಹಾಕಿದ್ದಾನೆ ಬಿಡೇ. ವಿಷ ಹಾಕಿದ್ನಾ?"

"ಹಿತ್ತಾಳೆಗೆ ವಿಷಾನೇ ಅಮ್ಮ."

ಇನ್ನು ಮಾತು ಸಾಕೆನಿಸಿತು. ಎಣ್ಣೆ ತೆಳುವಾಗಲೆಂದು ಕಾರನ್ನು ಒಂದು ಸುತ್ತು ಓಡಿಸಿ ತಂದಳು, ಜಾಕಿ ಹಚ್ಚಿ ಸ್ಟ್ಯಾಂಡಿನ ಮೇಲೆ ಕೂರಿಸಿ ಅಡಿಗೆ ನುಸುಳಿದಳು. ಅಣ್ಣ ಟಾರ್ಚ್ ಹಿಡಿಯಲು ಬಗ್ಗಿದ. ಬೇಡ ಎಂದಳು. ಕೆಳಗಿನ ಬೋಲ್ಟು ಬಿಚ್ಚಿದ್ದೇ ಜಿಎಲ್-ಐದರ ಮದ್ದಿನ ಗಂಧಕದ ಗಬ್ಬು ಮೂಗಿಗೆ ಅಡರಿತು. ಆ ವಾಸನೆಯನ್ನು ತಾನು ಮೊದಲೇ ಹಿಡಿಯಬೇಕಿತ್ತು ಎಂದು ತನ್ನ ಮೇಲೂ ರೇಗಿತು. ಆದರೆ ತಾನು ಮುಚ್ಚಿದ ಪೆಟ್ಟಿಗೆಯಲ್ಲಿ ಇನ್ನೊಬ್ಬರ ಎಣ್ಣೆ ಇದೆಯೇ ಎಂದು ಯಾರು ಮೂಸುತ್ತಾರೆ?

ಇಳಿದ ಎಣ್ಣೆಯಲ್ಲಿ ಅಯಸ್ಕಾಂತ ಆಡಿಸಿದಳು. ಅದಕ್ಕೆ ಅಂಟಿದ್ದು ಕಬ್ಬಿಣದ ಕಪ್ಪು ಕೆಸರು. ಅಂಟದೆ ಉಳಿದದ್ದನ್ನು ಬಿಳಿ ಬಟ್ಟೆಯಲ್ಲಿ ಸೋಸಿದಾಗ ಹಳದಿ ಮಿನುಗು ಕಂಡಿತು. ಹೆಚ್ಚಿರಲಿಲ್ಲ. ರಿಂಗು ಸವೆಯಲು ಶುರುವಾಗಿತ್ತು, ಇನ್ನೂ ಸತ್ತಿರಲಿಲ್ಲ, ಇಷ್ಟೇ ಅವಳಿಗೆ ತಿಳಿದದ್ದು. ರಿಂಗು ಸತ್ತಿದ್ದರೆ ತಪ್ಪು ಯಾರದೆಂದು ತೋರಿಸಲು ಏನೂ ಉಳಿಯುತ್ತಿರಲಿಲ್ಲ; ತನ್ನ ಹೆಸರು ಹೋದದ್ದು ಹೋದ ಹಾಗೇ.

ಜಿಎಲ್-ನಾಲ್ಕು ತುಂಬಿ, ಸ್ವಲ್ಪ ಓಡಿಸಿ, ತೊಳೆದ ನೀರಿನಂತೆ ಅದನ್ನೂ ಇಳಿಸಿದಳು. ಮತ್ತೆ ಹೊಸದು ತುಂಬಿದಳು, ಪಕ್ಕದ ತೂತಿನಿಂದ ಜಿನುಗುವ ತನಕ. ಕೈ ಒರೆಸಿಕೊಂಡು ಎಡಬದಿಯ ಬಾಗಿಲು ತೆರೆದಳು.

"ಹತ್ತು."

"ನನಗೆ ಕೆಲಸ ಇದೆ."

"ಹತ್ತು ಅಂದೆ."

ಅವನು ಹತ್ತಿದ. ಬೀದಿಯಲ್ಲಿ ಮೂರನೇ ಗೇರಿಗೆ ಹೋಗಿ, ತಿರುವಿನಲ್ಲಿ ಎರಡಕ್ಕೆ ಎಳೆದಳು. ಮೊದಲ ಸಲ ಸಣ್ಣಗೆ ಗೊಣಗಿತು. ಸೇತುವೆ ದಾಟಿದ ಮೇಲೆ ಇನ್ನೊಮ್ಮೆ ಎಳೆದಳು. ಸದ್ದಿಲ್ಲ. ಬೇಕೆಂದೇ ಏರು ಹತ್ತಿ ಎಳೆದಳು, ಇಳಿಜಾರಿನಲ್ಲಿ ಎಳೆದಳು. ಅಣ್ಣನ ಕಣ್ಣು ಗೇರಿನ ಕೋಲಿನ ಮೇಲೇ ಇತ್ತು. ಕೊನೆಗೆ, ಓಡ್ತಾ ಓಡ್ತಾ ತಾನಾಗೇ ಸರಿಹೋಗುತ್ತೆ ಅಂತ ನಾನು ಅವತ್ತೇ ಹೇಳಿರಲಿಲ್ವಾ ಎಂದ.

ಖುಷಿಪಡಬೇಕಾದ ಗಳಿಗೆಯನ್ನೂ ಅವನು ಹೀಗೆ ಎತ್ತಿಕೊಂಡುಬಿಟ್ಟ. ಮನೆ ಕಡೆ ತಿರುಗಬೇಕಿದ್ದ ಕಾರನ್ನು ಅವಳು ನೇರ ಬಿಟ್ಟಳು, ಮೇಷ್ಟ್ರ ಗೇಟಿನ ಮುಂದೆ ನಿಲ್ಲಿಸಿದಳು.

"ಇಲ್ಲಿ ಹೇಳಿದ್ದನ್ನ ಇಲ್ಲೇ ವಾಪಸ್ ತಗೋ."

ಕುಂಡಗಳಿಗೆ ನೀರು ಹಾಕುತ್ತಿದ್ದ ಮೇಷ್ಟ್ರು ಪೈಪು ಹಿಡಿದೇ ಬಂದರು. ಅಣ್ಣ ಇಳಿದು ಗೇಟಿಗೆ ಒರಗಿದ.

"ಏನಿಲ್ಲ ಮೇಷ್ಟ್ರೇ, ಆ ಗೇರಿಂದು... ಎಣ್ಣೆ ಏನೋ ಹೆಚ್ಚುಕಮ್ಮಿ ಆಗಿತ್ತಂತೆ."

"ಆಗಿರಲಿಲ್ಲ," ಎಂದಳು ಅವಳು ಸ್ಟಿಯರಿಂಗ್ ಬಿಡದೆ. "ಮಾಡಿದ್ರು."

ಅಣ್ಣ ಚಪ್ಪಲಿಯಿಂದ ಮಣ್ಣು ಕೆರೆದ. "ನಾನು ತಪ್ಪು ಎಣ್ಣೆ ಹಾಕಿದ್ದೆ. ಅವಳ ರಿಂಗು ಸರಿಯಾಗೇ ಇತ್ತು."

ಮೇಷ್ಟ್ರು ನಕ್ಕರು. ಮನೆಯೆಂದ ಮೇಲೆ ಇದೆಲ್ಲ ಇದ್ದದ್ದೇ, ಅಣ್ಣ ತಾನೇ, ಹೋಗಲಿ ಬಿಡಮ್ಮ ಎಂದರು. ಹಾಗಾದರೆ ನಮ್ಮ ರಿಂಗಿನ ಕೆಲಸವನ್ನೂ ಶುರುಮಾಡಿಬಿಡು ಎಂದರು. ಅಣ್ಣನಿಗೂ ನಗು ಬಂತು. ಇಬ್ಬರೂ ಹಗುರಾಗಿ ನಗುತ್ತಿದ್ದುದನ್ನು ನೋಡಿ ಅವಳ ಕಿವಿ ಬಿಸಿಯಾಯಿತು.

"ತಪ್ಪು ನಂದು ಅಂತಿದ್ದಾಗ ಯಾರೂ ಹೋಗಲಿ ಬಿಡು ಅನ್ನಲಿಲ್ಲ ಮೇಷ್ಟ್ರೇ." ಅವಳು ಮನೆಯ ಕಿಟಕಿಯತ್ತ ನೋಡಿದಳು. "ನಿಮ್ಮ ಮನೆಯವರು ಒಳಗಿದ್ದಾರಲ್ವಾ? ಅವತ್ತು ಅವರೂ ಕೇಳಿಸ್ಕೊಂಡಿದ್ರು. ಅಣ್ಣ, ಇನ್ನೊಂದು ಸಲ ಹೇಳು. ಒಳಗೂ ಕೇಳಲಿ."

ಮೇಷ್ಟ್ರ ನಗು ನಿಂತಿತು. ಅಣ್ಣ ಅವಳನ್ನೇ ನೋಡಿದ, ತಮಾಷೆಯಿರಬಹುದೇ ಎಂದು. ಆಮೇಲೆ ಗಂಟಲು ಸರಿಮಾಡಿಕೊಂಡ. ಒಂದಕ್ಷರವೂ ಸದ್ದಿನಲ್ಲಿ ಮುಳುಗಿಹೋಗಬಾರದೆಂದು ಅವಳು ಇಂಜಿನ್ ಆಫ್ ಮಾಡಿದಳು.