ನಮ್ಮ ಕಂಪ್ಯೂಟರಲ್ಲೇ ಇದೆಯಲ್ಲ, ಯಾರು ನೋಡ್ತಾರೆ?

ಆ ಲಾಂಡ್ರಿಯಲ್ಲಿ ಸೂಪರ್‌ವೈಸರನ ಕಾಟವನ್ನು ಬಾಯಿಬಿಟ್ಟು ಹೇಳಿದವಳಿಗೆ ಮರುದಿನ ಕೆಲಸವಿಲ್ಲ. ಹೆಸರು ಹೊರಬೀಳದಂತೆ ದೂರು ಬರೆಯಲು ಹೆಂಗಸರ ಸಂಘಕ್ಕೆ ಒಂದು ವೆಬ್‌ಸೈಟು ಬೇಕಿತ್ತು. ಸಂಘದ ಮುಂದಾಳು, ಇಸ್ತ್ರಿ ಕೆಲಸದ ಅತ್ತಿಗೆ. ವೆಬ್‌ಸೈಟು ಕಟ್ಟಿದವಳು ಅವಳ ನಾದಿನಿ. ಬೇಕಾದ ಸಾಮಾನನ್ನೆಲ್ಲ ಒಂದೇ ಡಬ್ಬಿಗೆ ತುಂಬಿದ ಹಾಗೆ ಅದನ್ನು ಕಂಟೇನರಿನಲ್ಲಿಟ್ಟು, ಮನೆಯ ಲ್ಯಾಪ್‌ಟಾಪಿನಲ್ಲೇ ಓಡಿಸಿ ನೋಡುತ್ತಿದ್ದಳು.

"ಓಡ್ತಿದೆಯಲ್ಲ ಕಣೇ, ಬಿಡುಗಡೆ ಮಾಡು. ಇನ್ನೂ ಏನು ಮೀನಮೇಷ ಎಣಿಸ್ತೀಯಾ?"

"ಪರೀಕ್ಷೆ ಆಗಿಲ್ಲ ಅತ್ತಿಗೆ."

"ನಾನೇ ಮಾಡಿದೆ. ನನ್ನ ದೂರೇ ಬರೆದೆ, ಹೆಸರು ಸಮೇತ."

"ಅಯ್ಯೋ! ಸುಳ್ಳು ಹೆಸರು ಹಾಕಿ ಅಂದಿದ್ದೆನಲ್ಲ?"

"ನನಗೆ ಸುಳ್ಳು ಬರೆಯೋಕೆ ಬರಲ್ಲ. ನಮ್ಮ ಕಂಪ್ಯೂಟರಲ್ಲೇ ಇದೆಯಲ್ಲ, ಯಾರು ನೋಡ್ತಾರೆ?"

ನಾದಿನಿ ಅತ್ತಿಗೆಯ ಫೋನು ತೆಗೆದುಕೊಂಡು ಲ್ಯಾಪ್‌ಟಾಪಿನ ವಿಳಾಸ ಒತ್ತಿದಳು. ಸಂಘದ ಪುಟ ತೆರೆಯಿತು. ಮೊದಲಿನಿಂದ ಇದ್ದ, ಯಾರು ಬೇಕಾದರೂ ಊಹಿಸಬಹುದಾದ ಪಾಸ್‌ವರ್ಡ್ ಹಾಕಿದಳು. ಅತ್ತಿಗೆಯ ದೂರು ಫೋನಿನಲ್ಲಿ ರಾರಾಜಿಸಿತು!

ಆ ಕಟ್ಟಡಕ್ಕೆಲ್ಲ ಒಂದೇ ವೈಫೈ. ಕೆಳಮನೆಯಲ್ಲಿದ್ದವನು ಅದೇ ಸೂಪರ್‌ವೈಸರ್.

ಅತ್ತಿಗೆ ಫೋನನ್ನು ಕಸಿದುಕೊಂಡಳು. "ಅವನು ನೋಡಿಬಿಟ್ನಾ?"

ಯಾರು ಬಂದು ಹೋದರೆಂಬ ದಾಖಲೆಯನ್ನು ನಾದಿನಿ ತೆರೆದಳು. "ಇಲ್ಲ. ಈ ಲ್ಯಾಪ್‌ಟಾಪು, ನಿಮ್ಮ ಫೋನು, ಅಷ್ಟೇ. ಬಚಾವಾದ್ವಿ."

ಮೊದಲು ದೂರನ್ನು ಅಳಿಸಿದಳು. ಕಂಟೇನರಿನ ಬಾಗಿಲು ಈ ಲ್ಯಾಪ್‌ಟಾಪಿಗೆ ಮಾತ್ರ ತೆರೆಯುವಂತೆ ಅದರದೇ ಒಳವಿಳಾಸ 127.0.0.1 ಎಂದು ಬರೆದಳು. ಪಾಸ್‌ವರ್ಡ್ ಬದಲಾಯಿಸಿ ಕೋಡಿನಿಂದ ಹೊರಗಿಟ್ಟಳು. ಬೇಕೆಂದೇ ತಪ್ಪು ವಿಳಾಸ ಒತ್ತಿದಾಗ ಪುಟ ಒಳಗಿನ ಗುಟ್ಟನ್ನೆಲ್ಲ ಕಾರಿಕೊಂಡಿತು. ತಪ್ಪು ಹುಡುಕಲೆಂದು ಒಳಗಿನದನ್ನೆಲ್ಲ ತೋರಿಸುವ ಡೀಬಗ್ ಆರಿಸಿದ ಮೇಲೆ "ಪುಟ ಸಿಗಲಿಲ್ಲ" ಎಂದಷ್ಟೇ ಹೇಳಿ ಸುಮ್ಮನಾಯಿತು.

"ಈಗ ಫೋನಲ್ಲಿ ನೋಡಿ."

"ತೆರೀತಾನೇ ಇಲ್ಲ ಕಣೇ!" ಪುಟ ತೆರೆಯದಿದ್ದಕ್ಕೆ ಇಷ್ಟು ಹಿಗ್ಗಿದವರನ್ನು ನಾದಿನಿ ಕಂಡಿರಲಿಲ್ಲ.

ಆಮೇಲೆ ಪರೀಕ್ಷೆ ಮಾಡಿದ್ದು ಅತ್ತಿಗೆಯೇ. ತಪ್ಪು ಪಾಸ್‌ವರ್ಡ್ ಹಾಕಿದಳು, ಖಾಲಿ ದೂರು ಕಳಿಸಿದಳು, ಕೊನೆಗೆ ಒಂದು ಪೂರ್ತಿ ದೂರು ಬರೆದಳು. ದೂರುದಾರರ ಹೆಸರು: ಬಕೆಟ್ಟಮ್ಮ.

"ಸುಳ್ಳು ಬರೆಯೋಕೆ ಬರಲ್ಲ ಅಂದ್ರಿ?"

"ಅವಳ ಕೆಲಸ ಹೋಗಲ್ವಲ್ಲ, ಬರೆದೆ."

ಎಲ್ಲ ಸರಿಯಾದ ಮೇಲೆ ವೆಬ್‌ಸೈಟು, ಬೀಗದ ಗುರುತಿನ ಸುರಕ್ಷಿತ ವಿಳಾಸದಲ್ಲಿ ಹೊರಬಂತು. ಮೊದಲ ನಿಜವಾದ ದೂರು ಅತ್ತಿಗೆಯದೇ. ಓದಿದ್ದು ಸಂಘ ಮಾತ್ರ.

ವೆಬ್‌ಸೈಟು ಕಟ್ಟುವ ಗೆಳತಿಯರೇ, ಗೆಳೆಯರೇ, ಓಡಿತೆಂದ ಮಾತ್ರಕ್ಕೆ ಬಿಡುಗಡೆ ಮಾಡಬೇಡಿ. ಹೊರಗಿನವರಾಗಿ ನೀವೇ ಒಮ್ಮೆ ಬಾಗಿಲು ತಳ್ಳಿ ನೋಡಿ. ನಿಮ್ಮನ್ನು ನಂಬಿ ಒಬ್ಬಳು ತನ್ನ ಹೆಸರು ಬರೆಯುತ್ತಾಳೆ. ಅದನ್ನು ದಬ್ಬಾಳಿಕೆಗಾರನ ಕೈಗೆ ನೀವೇ ಕೊಡಬೇಡಿ!